ಕೆಂಚನಿಗೆ ಕೂರಲು ಕಲಿಸಿದ್ದು

ಮಸಿನಗುಡಿ ಹತ್ತಿರದ ನಮ್ಮ ವಸತಿಯಿಂದ
7 ಜನವರಿ 2024

ಧರ್ಮಲಿಂಗಂ ಮಾಸ್ಟರ್ ಅವರಿಗೆ ಹೊನ್ನಿಯ ನಮಸ್ಕಾರ.

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ಊಟಿ ಮಿನಿ ಬಸ್ ಓಡಿಸುವ ಚಂದ್ರನ್ ಅಣ್ಣನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ನಿಮ್ಮ ‘ಶ್ವಾನ ಶಿಸ್ತು ಶಾಲೆ’ಯ ಬೋರ್ಡನ್ನು ಅವರು ದಿನಾ ನೋಡುತ್ತಾರಂತೆ. ನೀವು ಮೈಸೂರಿನ ಕಡೆ ಪೊಲೀಸ್ ನಾಯಿಗಳ ಜೊತೆ ಮೂವತ್ತೊಂದು ವರ್ಷ ಇದ್ದವರು, ಕನ್ನಡ ಬರೆಯುತ್ತೀರಿ ಅಂದರು. ನನ್ನ ತವರು ಗುಂಡ್ಲುಪೇಟೆ ಕಡೆಯ ಹಾಡಿ. ಏಳನೇ ಕ್ಲಾಸಿನವರೆಗೆ ಆಶ್ರಮ ಶಾಲೆಯಲ್ಲಿ ಓದಿದ್ದೇನೆ. ತಮಿಳು ಮಾತಾಡುತ್ತೇನೆ, ಬರೆಯಲು ಬರುವುದಿಲ್ಲ. ಫೋನ್ ಇದೆ. ಆದರೆ ಸಿಗ್ನಲ್ ಬೇಕಾದರೆ ಒಂದು ಬಂಡೆ ಹತ್ತಬೇಕು, ಆ ಬಂಡೆಯ ಮೇಲೆ ಈಗ ಒಂದು ಕರಡಿ ವಾಸವಾಗಿದೆ.

ವಿಷಯ ಏನೆಂದರೆ, ನಮ್ಮ ನಾಯಿ ಕೆಂಚ ಜಿಂಕೆ ಅಟ್ಟುತ್ತಾನೆ. ಹಿಡಿಯುವುದಿಲ್ಲ, ಹಿಡಿದರೆ ಏನು ಮಾಡಬೇಕು ಅಂತಲೂ ಅವನಿಗೆ ಗೊತ್ತಿಲ್ಲ. ಅಟ್ಟುತ್ತಾನೆ ಅಷ್ಟೆ. ಹೊಸ ರೇಂಜರ್ ಬಾಲಸುಬ್ರಮಣಿಯನ್ ಸಾರ್ ನೋಡಿಬಿಟ್ಟರು. ಮಾರ್ಚ್ ಇಪ್ಪತ್ತಕ್ಕೆ ಬಂದು ಪರೀಕ್ಷೆ ಮಾಡುತ್ತಾರಂತೆ. ಅವತ್ತೂ ಅಟ್ಟಿದರೆ ಕೆಂಚ ಇಲ್ಲಿ ಇರುವ ಹಾಗಿಲ್ಲ. ನನ್ನ ಗಂಡ ಜಡಯ ಅದೇ ಇಲಾಖೆಯಲ್ಲಿ ವಾಚರ್, ಸಾಹೇಬರ ಎದುರು ಬಾಯಿ ಬಿಡುವುದಿಲ್ಲ.

ನಮ್ಮ ಅತ್ತೆ ಚಿನ್ನಿಗೆ ಎರಡು ಕಣ್ಣೂ ಮಂಜು. ಹಳ್ಳಕ್ಕೆ, ಸೌದೆಗೆ, ಎಲ್ಲಿಗೆ ಹೋದರೂ ಕೆಂಚನ ಬೆನ್ನಿನ ಮೇಲೆ ಕೈಯಿಟ್ಟುಕೊಂಡೇ ಹೋಗುತ್ತಾರೆ. ಅವನು ಹೋದರೆ ಅವರು ಮನೆಯ ಮೂಲೆ ಸೇರುತ್ತಾರೆ. ಅದಕ್ಕೇ ಕೇಳುತ್ತಿದ್ದೇನೆ, ಕಾಗದದಲ್ಲಿ ಪಾಠ ಹೇಳಿಕೊಡಲು ಆಗುತ್ತದೆಯೇ? ಚಂದ್ರನ್ ಅಣ್ಣನ ಹತ್ತಿರ ನೆಲ್ಲಿಕಾಯಿ ಕೊಟ್ಟಿದ್ದೇನೆ.

ಹೊನ್ನಿ

*

ಊಟಿ ಸಮೀಪದ ಹಟ್ಟಿಯಿಂದ
12 ಜನವರಿ 2024

ಶ್ರೀಮತಿ ಹೊನ್ನಿ ಅವರಿಗೆ,

ನಿಮ್ಮ ಪತ್ರ ಹಾಗೂ ನೆಲ್ಲಿಕಾಯಿ ತಲುಪಿದವು. ನೀವು ಸರಿಯಾದ ಬಾಗಿಲನ್ನೇ ತಟ್ಟಿದ್ದೀರಿ. ಮೂವತ್ತೊಂದು ವರ್ಷಗಳಲ್ಲಿ ನನ್ನ ಕಣ್ಣ ಮುಂದೆ ನೂರಾ ಹನ್ನೆರಡು ನಾಯಿಗಳು ಹಾದುಹೋಗಿವೆ. ಸದ್ಯ ನನ್ನ ಶಾಲೆಯಲ್ಲಿ ಒಂದು ಜರ್ಮನ್ ಶೆಫರ್ಡ್, ಒಂದು ಲ್ಯಾಬ್ರಡಾರ್, ಒಂದು ಬೀಗಲ್ ಮತ್ತು ಒಂದು ಪಗ್ ಶಿಕ್ಷಣ ಪಡೆಯುತ್ತಿವೆ. ನನ್ನ ಸ್ವಂತ ನಾಯಿ ಡ್ಯಾಷ್‌ಹೌಂಡ್, ಹೆಸರು ಮೇಜರ್. ಆದ್ದರಿಂದ ಜಾತಿ ಯಾವುದಾದರೂ ಚಿಂತೆಯಿಲ್ಲ. ನಾಯಿ ಎಂದರೆ ಹಸಿ ಮಣ್ಣು, ತಿದ್ದುವವನ ಕೈ ಮುಖ್ಯ.

ಇದರೊಂದಿಗೆ ಒಂದು ಫಾರಂ ಇಟ್ಟಿದ್ದೇನೆ, ತಪ್ಪದೆ ತುಂಬಿಸಿ ಕಳಿಸುವುದು. ನಾಯಿಯ ಜಾತಿ, ತಂದೆ ತಾಯಿಯ ಹೆಸರು, ತೂಕ, ಹಿಂದಿನ ಅಪರಾಧಗಳು.

ಪಾಠ ಒಂದು: ‘ಕೂರು.’ ಕೂತ ನಾಯಿ ಓಡಲಾರದು. ಇಷ್ಟು ಸರಳ ಸತ್ಯ ಜನರಿಗೆ ಹೊಳೆಯುವುದಿಲ್ಲ. ಎದುರಿಗೆ ನಿಂತು ಗಟ್ಟಿಯಾಗಿ ‘ಕೂರು’ ಎನ್ನಿ. ಬೆನ್ನಿನ ಹಿಂಭಾಗವನ್ನು ಮೆಲ್ಲಗೆ ಒತ್ತಿ. ಕೂತ ಕ್ಷಣವೇ ಒಂದು ತುಂಡು ವರ್ಕಿ ಕೊಡಿ. ಊಟಿ ಬೇಕರಿಯ ವರ್ಕಿಯೇ ಆಗಬೇಕು, ಬೇರೆ ಬಿಸ್ಕತ್ತಿಗೆ ನಾಯಿ ಅಷ್ಟು ಗೌರವ ಕೊಡುವುದಿಲ್ಲ. ಒಂದು ಪ್ಯಾಕೆಟ್ ಚಂದ್ರನ್ ಕೈಯಲ್ಲಿ ಕಳಿಸಿದ್ದೇನೆ. ದಾರಿಯಲ್ಲಿ ಅವನು ತಿನ್ನದಿದ್ದರೆ ನಿಮಗೆ ಸಿಗುತ್ತದೆ.

ಶಿಸ್ತಿನೊಂದಿಗೆ,
ಧರ್ಮಲಿಂಗಂ

*

22 ಜನವರಿ 2024

ಮಾಸ್ಟರ್ ಅವರಿಗೆ,

ಅರ್ಧ ಪ್ಯಾಕೆಟ್ ಸಿಕ್ಕಿತು.

ಫಾರಂ ತುಂಬಿಸಿದ್ದೇನೆ. ತಾಯಿ ನಮ್ಮ ವಸತಿಯವಳೇ, ಹೆಸರು ಬೆಳ್ಳಿ. ತಂದೆ ಯಾರೆಂದು ಬೆಳ್ಳಿ ಹೇಳಲಿಲ್ಲ. ಕೆಳಗಿನ ರೆಸಾರ್ಟಿನಲ್ಲಿ ಒಂದು ಜರ್ಮನ್ ಶೆಫರ್ಡ್ ಇತ್ತು, ಅದರ ಮೇಲೆ ಅನುಮಾನ. ಕೆಂಚನ ಒಂದು ಕಿವಿ ಹೌದು ಎನ್ನುತ್ತದೆ, ಇನ್ನೊಂದು ಇಲ್ಲ ಎನ್ನುತ್ತದೆ. ತೂಕ ನೋಡಲು ರೇಷನ್ ಅಂಗಡಿಗೆ ಕರೆದುಕೊಂಡು ಹೋಗಿದ್ದೆ, ತಕ್ಕಡಿ ಮೇಲೆ ನಿಲ್ಲಲಿಲ್ಲ, ಅಂಗಡಿಯವರೂ ನಿಲ್ಲಬೇಡ ಅಂದರು. ಹಿಂದಿನ ಅಪರಾಧಗಳಿಗೆ ಜಾಗ ಸಾಲದೆ ಹಿಂದಿನ ಪುಟದಲ್ಲಿ ಬರೆದಿದ್ದೇನೆ.

ಕೆಂಚ ಎರಡೇ ದಿನಕ್ಕೆ ಕೂರಲು ಕಲಿತ, ಮಾಸ್ಟರ್! ನನಗೇ ನಂಬಿಕೆ ಬರಲಿಲ್ಲ. ‘ಕೂರು’ ಅಂದರೆ ಸಾಕು, ಮಣ್ಣು ಹಾರುವ ಹಾಗೆ ಕೂರುತ್ತಾನೆ. ಜಡಯನನ್ನೂ ಕರೆದು ತೋರಿಸಿದೆ. ಇಡೀ ವಸತಿಯೇ ನೋಡಲು ಬಂತು. ಅತ್ತೆ ಮಾತ್ರ ಖುಷಿಯಾಗಿಲ್ಲ. ಯಾಕೆ ಅಂತ ಆಮೇಲೆ ಬರೆಯುತ್ತೇನೆ, ಚಂದ್ರನ್ ಅಣ್ಣ ಹಾರನ್ ಹೊಡೆಯುತ್ತಿದ್ದಾರೆ.

ಹೊನ್ನಿ

*

26 ಜನವರಿ 2024

ಶ್ರೀಮತಿ ಹೊನ್ನಿ ಅವರಿಗೆ,

ಎರಡೇ ದಿನ! ನಿಮ್ಮ ಪತ್ರವನ್ನು ಇವತ್ತು ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ಲ್ಯಾಬ್ರಡಾರ್‌ನ ಯಜಮಾನಿ ಜನನಿ ಮೇಡಂ ಚಪ್ಪಾಳೆ ತಟ್ಟಿದರು. ಅವರ ನಾಯಿ ಮೂರು ತಿಂಗಳಿಂದ ಕಲಿಯುತ್ತಿದೆ. ಕೂರು ಎಂದರೆ ಮಲಗುತ್ತದೆ, ಮಲಗು ಎಂದರೆ ನನ್ನ ಜೇಬಿಗೆ ಮೂತಿ ಹಾಕುತ್ತದೆ.

ಅತ್ತೆಯವರ ಬೇಸರ ನನಗೆ ಅರ್ಥವಾಗುತ್ತದೆ. ಹಿರಿಯರಿಗೆ ಹೊಸ ವಿಧಾನ ಒಗ್ಗುವುದಿಲ್ಲ. ವರ್ಕಿ ನಾಯಿಗೇ ಎಲ್ಲಾ ಹೋಗುತ್ತಿದೆ ಎಂಬ ಕೊರಗೂ ಇರಬಹುದು. ಅವರಿಗೆಂದೇ ಒಂದು ಪ್ಯಾಕೆಟ್ ಬೇರೆ ಕಳಿಸುತ್ತಿದ್ದೇನೆ.

ಪಾಠ ಎರಡು: ಮನೆಯಂಗಳದಲ್ಲಿ ಕೂತರೆ ಅದು ಕಲಿಕೆಯಲ್ಲ. ದಾರಿಯಲ್ಲಿ, ಹಳ್ಳದ ಬಳಿ, ಕಾಡಿನ ಅಂಚಿನಲ್ಲಿ, ಎಲ್ಲೆಂದರಲ್ಲಿ ಕೂರಿಸಿ. ಹತ್ತು ಹೆಜ್ಜೆಗೊಮ್ಮೆ ಕೂರಿಸಿ. ಹತ್ತು ಹೆಜ್ಜೆಗೊಮ್ಮೆ ವರ್ಕಿ.

ಇಲ್ಲಿ ಹಿಮ ಬಿದ್ದು ಚಹಾ ಗಿಡದ ತುದಿಗಳೆಲ್ಲ ಕರಕಲಾಗಿವೆ. ನಿಮ್ಮ ಪತ್ರದಿಂದ ಬೆಚ್ಚಗಾಯಿತು.

ಧರ್ಮಲಿಂಗಂ

*

11 ಫೆಬ್ರವರಿ 2024

ಮಾಸ್ಟರ್ ಅವರಿಗೆ,

ತಡವಾಯಿತು. ಕಾಡಿಗೆ ಬೆಂಕಿ ಹರಡದ ಹಾಗೆ ಅಂಚು ಸವರುವ ಕೂಲಿ ಕೆಲಸ ಶುರುವಾಗಿದೆ, ಕೈ ತುಂಬ ಗುಳ್ಳೆ. ಹೇಗೆ ಬರೆಯುವುದು ಅಂತ ಯೋಚನೆಯೂ ಆಯಿತು.

ಮೊದಲೇ ಹೇಳಬೇಕಿತ್ತು. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದರಿಂದ ನಿಮಗೂ ಗೊತ್ತಿರುತ್ತದೆ ಅಂದುಕೊಂಡೆ. ಕೆಂಚ ಚಿರತೆಗೆ ಬೊಗಳುತ್ತಾನೆ, ಹಂದಿಗೆ ಬೊಗಳುತ್ತಾನೆ, ಟೂರಿಸ್ಟ್ ಜೀಪಿಗಂತೂ ಗಂಟಲು ಹರಿಯುವ ಹಾಗೆ ಬೊಗಳುತ್ತಾನೆ. ಆನೆಗೆ ಮಾತ್ರ ಬೊಗಳುವುದಿಲ್ಲ. ದಾರಿಯಲ್ಲಿ ಆನೆಯ ವಾಸನೆ ಬಂದರೆ ಸದ್ದಿಲ್ಲದೆ ಕೂತುಬಿಡುತ್ತಾನೆ. ಯಾರೂ ಕಲಿಸಿದ್ದಲ್ಲ. ಬೆನ್ನಿನ ಮೇಲೆ ಕೈಯಿಟ್ಟ ಅತ್ತೆಗೆ ಬೆನ್ನು ಕೆಳಗೆ ಇಳಿದದ್ದು ತಿಳಿಯುತ್ತದೆ. ಅವರು ತಿರುಗಿ ಮನೆಗೆ ಬರುತ್ತಾರೆ. ಆರು ವರ್ಷದಿಂದ ಹೀಗೇ ನಡೆದಿದೆ. (ಆನೆ ಅಂತ ಹೆಸರು ಹಿಡಿದು ನಾವು ಕಾಡಿನಲ್ಲಿ ಹೇಳುವುದಿಲ್ಲ, ದೊಡ್ಡವರು ಅನ್ನುತ್ತೇವೆ. ಕಾಗದದಲ್ಲಿ ಬರೆದರೆ ಅವರಿಗೆ ಓದಲು ಬರುವುದಿಲ್ಲ, ಬರಿ ಅಂತ ಅತ್ತೆ ಒಪ್ಪಿದ್ದಾರೆ.)

ಈಗ ಕೆಂಚ ಹತ್ತು ಹೆಜ್ಜೆಗೊಮ್ಮೆ ಕೂರುತ್ತಾನೆ. ಯಾರೂ ಹೇಳಬೇಕಾಗಿಲ್ಲ. ಕೂತು, ಬಾಯಿ ತೆರೆದು, ವರ್ಕಿಗೆ ಕಾಯುತ್ತಾನೆ. ಸೋಮವಾರ ಬೆಳಿಗ್ಗೆ ಅತ್ತೆ ಐದು ಸಲ ನೀರಿಗೆ ಹೊರಟು ಐದು ಸಲವೂ ಖಾಲಿ ಬಿಂದಿಗೆ ಹೊತ್ತು ವಾಪಸು ಬಂದರು. “ಈವತ್ತು ದೊಡ್ಡೋರು ಊರ ತುಂಬ ಬಂದವ್ರಲ್ಲ, ಏನು ಮದ್ವೆಗಿದ್ವೆನಾ?” ಅಂತ ಕೇಳಿದರು. ಮಧ್ಯಾಹ್ನ ಜಡಯ ಬಂದು ನೋಡಿದರೆ ಮೈಲಿಗಟ್ಟಲೆ ಒಂದು ಲದ್ದಿಯೂ ಇಲ್ಲ. ಆಗ ಅತ್ತೆ ನನ್ನನ್ನು ಕೂಗಿ ಹೇಳಿದ್ದು: “ನನ್ನ ನಾಯೀಗೆ ಸುಳ್ಳು ಹೇಳೋದು ಕಲ್ಸಿಬಿಟ್ಟೆಯಲ್ಲವ್ವ.”

ಕಲಿಸಿದ್ದನ್ನು ಮರೆಸಲು ಏನು ಪಾಠ ಇದೆ, ಮಾಸ್ಟರ್? ದಯವಿಟ್ಟು ಬೇಗ ಬರೆಯಿರಿ.

ಹೊನ್ನಿ

*

15 ಫೆಬ್ರವರಿ 2024

ಶ್ರೀಮತಿ ಹೊನ್ನಿ ಅವರಿಗೆ,

ನಮ್ಮ ಶಾಲೆಯ ಇತಿಹಾಸದಲ್ಲಿ ಪಾಠ ಮರೆಸಿ ಎಂದು ಯಾರೂ ಕೇಳಿರಲಿಲ್ಲ. ಸಾಮಾನ್ಯವಾಗಿ ಅವು ತಾವಾಗಿಯೇ ಮರೆಯುತ್ತವೆ.

ನಾಯಿ ಕೂರುವುದು ಸಂಕೇತವೆಂದು ಫಾರಂನಲ್ಲಿ ನೀವು ನಮೂದಿಸಿಲ್ಲ. ಫಾರಂನಲ್ಲಿ ಅಂಥ ಕಲಂ ಇರಲಿಲ್ಲ ಎಂಬುದನ್ನೂ ಒಪ್ಪುತ್ತೇನೆ. ವರ್ಕಿ ನಿಲ್ಲಿಸಿ. ಉಳಿದದ್ದನ್ನು ಗ್ರಂಥಗಳನ್ನು ನೋಡಿ ತಿಳಿಸುತ್ತೇನೆ. ವಿಷಯ ಸ್ವಲ್ಪ ಸೂಕ್ಷ್ಮವಾದದ್ದು. ಇಂಥ ಪ್ರಸಂಗಗಳನ್ನು ಶ್ವಾನದಳದಲ್ಲಿ ನಾವು ಬಹಳ ಸುಲಭವಾಗಿ ನಿಭಾಯಿಸುತ್ತಿದ್ದೆವು, ಹೇಗೆ ಎಂಬುದು ಈಗ ತಕ್ಷಣ ನೆನಪಿಗೆ ಬರುತ್ತಿಲ್ಲ.

ನನ್ನ ಹೆಂಡತಿ ವಸಂತಾಮಣಿ ನಿಮ್ಮ ಪತ್ರವನ್ನು ನನ್ನಿಂದ ಓದಿಸಿ ಕೇಳಿದಳು. ಆಮೇಲೆ ಮೇಜರ್ ಕಡೆ ನೋಡಿದಳು. ಅವನು ಆಗ ನನ್ನ ಕುರ್ಚಿಯಲ್ಲಿ ಮಲಗಿದ್ದ, ನಾನು ನೆಲದ ಮೇಲೆ ಕೂತಿದ್ದೆ. “ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ” ಎಂದಳು. ಯಾಕೆ ಹಾಗೆಂದಳೋ ತಿಳಿಯಲಿಲ್ಲ.

ಧರ್ಮಲಿಂಗಂ

*

26 ಫೆಬ್ರವರಿ 2024

ಮಾಸ್ಟರ್ ಅವರಿಗೆ,

ವರ್ಕಿ ನಿಲ್ಲಿಸಿದೆವು. ಕೆಂಚ ಕೂರುವುದನ್ನು ನಿಲ್ಲಿಸಲಿಲ್ಲ. ಸಾಲ ಕೊಟ್ಟವನ ಹಾಗೆ ಕೂತು ಕಾಯುತ್ತಿದ್ದ. ಅತ್ತೆಗೆ ಸಾಕಾಗಿ, ಅವನು ಕೂತಾಗಲೆಲ್ಲ ಕಿವಿ ಹಿಡಿದು ಎಬ್ಬಿಸಿಕೊಂಡು ಮುಂದೆ ನಡೆಯಲು ಶುರುಮಾಡಿದರು.

ಗುರುವಾರವೂ ಹಾಗೆ ಎಬ್ಬಿಸಿದರಂತೆ. ಅವನು ಏಳಲಿಲ್ಲ. ಬೈದು, ಕತ್ತು ಹಿಡಿದು ಎಳೆದರಂತೆ. ಆಗಲೂ ಏಳಲಿಲ್ಲ. ಇವರೊಬ್ಬರೇ ನಾಲ್ಕು ಹೆಜ್ಜೆ ಮುಂದೆ ಹೋದರು. ಅಲ್ಲಿ ನಿಜವಾಗಿ ಇತ್ತು, ಮಾಸ್ಟರ್. ಲಂಟಾನ ಪೊದೆಯ ಆಚೆ ಮರಿ ಜೊತೆಗೆ ನಿಂತಿತ್ತು. ಅದು ಒಂದು ಸಲ ಕೂಗಿದ್ದು ನಮ್ಮ ಮನೆಯವರೆಗೂ ಕೇಳಿತು. ಅತ್ತೆ ಮುಳ್ಳಿನ ಮೇಲೆ ಬಿದ್ದರು. ಕೆಂಚ ಅವರ ಪಕ್ಕ ಬಂದು ಬೊಗಳದೆ ಮಲಗಿದನಂತೆ. ಏನು ಪುಣ್ಯವೋ, ಅದು ಮರಿಯನ್ನು ಕರೆದುಕೊಂಡು ಹೋಯಿತು. ನಾನು ಓಡಿ ಹೋಗಿ ಅವರನ್ನು ಎಬ್ಬಿಸಿ ಮನೆಗೆ ಕರೆತಂದೆ.

ಅತ್ತೆಯ ಮಣಿಕಟ್ಟು ಊದಿತ್ತು. ಶನಿವಾರ ಊಟಿ ಆಸ್ಪತ್ರೆಗೆ ಕರೆದುಕೊಂಡು ಬಂದೆ. ಮೂಳೆ ಮುರಿದಿಲ್ಲ. ಬಸ್ಸಿಗೆ ಹೊತ್ತಿತ್ತು, ಚಂದ್ರನ್ ಅಣ್ಣ ನಿಮ್ಮ ಶಾಲೆಯ ಮೈದಾನ ತೋರಿಸಿದರು, ಬೇಲಿಯ ಹೊರಗೆ ನಿಂತು ನೋಡಿದೆ. ನೀವು ಅವತ್ತು ಬಂದಿರಲಿಲ್ಲ ಅನ್ನಿಸುತ್ತದೆ. ಮಂಕಿ ಟೋಪಿ ಹಾಕಿದ್ದ ಯಾರೋ ಹಿರಿಯರು ಪಾಠ ಮಾಡುತ್ತಿದ್ದರು, ನಿಮ್ಮ ಸಹಾಯಕರು ಇರಬೇಕು. ಕಪ್ಪು ಬೆನ್ನಿನ ದೊಡ್ಡ ನಾಯಿ ಯಾರದೋ ಕೊಡೆ ಕಂಡು ಹೆದರಿ ಓಡಿತು, ಹಗ್ಗ ಹಿಡಿದಿದ್ದ ಅವರೂ ಹಿಂದೆ ಓಡಿದರು. ಮೂತಿ ಚಪ್ಪಟೆಯಾದ ನಾಯಿ ಅವರ ಕಾಲ ಮೇಲೆ ಕೂತು ಗೊರಕೆ ಹೊಡೆಯಿತು. ಇನ್ನೊಂದು, ಉದ್ದ ಕಿವಿಯದು, ವಾಸನೆ ಹಿಡಿದು ಬೇಲಿ ನುಸುಳಿ ಬೇಕರಿಗೆ ಹೋಯಿತು. ಅವರು ‘ಕೂರು, ಕೂರು’ ಅಂತ ಕೂಗುತ್ತಿದ್ದರು. ಕೊನೆಗೆ ಸುಸ್ತಾಗಿ ತಾವೇ ಕೂತರು. ಪಾಪ ಅನ್ನಿಸಿತು, ಮಾತಾಡಿಸಿ ತೊಂದರೆ ಕೊಡಬಾರದು ಅಂತ ಬಂದುಬಿಟ್ಟೆ.

ರೇಂಜರ್ ಬರಲು ಇನ್ನು ಇಪ್ಪತ್ತಮೂರು ದಿನ.

ಹೊನ್ನಿ

*

13 ಮಾರ್ಚ್ 2024

ಮಗಳು ಹೊನ್ನಿಗೆ,

ಹದಿನೈದು ದಿನ ಬರೆಯಲಿಲ್ಲ. ನಾಲ್ಕು ಸಲ ಬರೆದು ಒಲೆಗೆ ಹಾಕಿದೆ.

ಮಂಕಿ ಟೋಪಿಯವನು ನಾನೇ. ಅದು ನಿನಗೆ ಗೊತ್ತಿದ್ದೇ ನೀನು ಹಾಗೆ ಬರೆದೆ ಅಂತ ನನಗೂ ಗೊತ್ತು. ಮರ್ಯಾದೆ ಉಳಿಸಿದೆ, ಅದಕ್ಕೇ ಇನ್ನಷ್ಟು ನಾಚಿಕೆ.

ನಾನು ಶ್ವಾನದಳದಲ್ಲಿ ಇದ್ದದ್ದು ನಿಜ, ಸ್ಟೋರ್ ಕೀಪರ್ ಆಗಿ. ಮಾಂಸ ತೂಗಿ ಕೊಡುವುದು, ಹಗ್ಗ, ಕೊರಳಪಟ್ಟಿ, ಕಂಬಳಿ ಲೆಕ್ಕ ಇಡುವುದು. ನೂರಾ ಹನ್ನೆರಡು ನಾಯಿಗಳು ಕಣ್ಣ ಮುಂದೆ ಹಾದುಹೋದದ್ದೂ ನಿಜ, ಸ್ಟೋರಿನ ಕಿಟಕಿಯ ಆಚೆ. ನಾಯಿಗಳ ಬಗ್ಗೆ ನನಗೆ ಖಚಿತವಾಗಿ ಗೊತ್ತಿರುವುದು ಅವು ಎಷ್ಟು ತಿನ್ನುತ್ತವೆ ಎಂಬುದೊಂದೇ. ನಿವೃತ್ತಿಯಾಗಿ ಹಟ್ಟಿಗೆ ಬಂದಾಗ ಯಾರೋ “ನಾಯಿ ಪೊಲೀಸ್ ಧರ್ಮಲಿಂಗಂ” ಎಂದರು. ಅಲ್ಲ ಅನ್ನಬೇಕಿತ್ತು. ಕೇಳಲು ಹಿತವಾಗಿತ್ತು, ಸುಮ್ಮನಾದೆ. ಆಮೇಲೆ ಬೋರ್ಡ್ ಬಂತು, ಸೀಟಿ ಬಂತು, ಫಾರಂ ಬಂತು. ಬಂಗಲೆಯ ನಾಯಿಗಳು ಕಲಿಯದಿದ್ದರೂ ಯಾರ ಗಂಟೂ ಹೋಗುತ್ತಿರಲಿಲ್ಲ.

ನಿನ್ನ ಅತ್ತೆ ಮುಳ್ಳಿನ ಮೇಲೆ ಬಿದ್ದದ್ದು ನನ್ನಿಂದ. ಈ ವಾಕ್ಯವನ್ನು ಹೇಗೆ ಬರೆದರೂ ಹಗುರವಾಗುತ್ತಿಲ್ಲ.  ವಸಂತಾಮಣಿ “ನೀ ಹೋಗಿ ಆ ಅಮ್ಮನ ಕಾಲು ಮುಟ್ಟು” ಎಂದಳು. ಬರಬೇಕೆಂದಿದ್ದೇನೆ, ಧೈರ್ಯ ಬಂದ ದಿನ.

ಶ್ವಾನದಳದಲ್ಲಿ ಸುಂದರ್ ಎಂಬ ಒಬ್ಬ ನಿಜವಾದ ತರಬೇತುದಾರ ಇದ್ದ. ಮಾಂಸ ಒಯ್ಯಲು ಬಂದಾಗ ಹೇಳುತ್ತಿದ್ದ: “ನಮ್ ಮಾತು ನಾಯಿಗೆ ಕಲ್ಸೋಕೆ ಮೂರ್ ತಿಂಗ್ಳು ಸಾಕು ಸಾರ್. ನಾಯಿ ಮಾತು ನಾವು ಕಲಿಯೋಕೆ ಮೂರ್ ವರ್ಷ ಬೇಕು.” ನನಗೆ ಕೊಡಲು ಇರುವ ಪಾಠ ಇಷ್ಟೇ, ಇದೂ ನನ್ನದಲ್ಲ. ನಾನು ಕಲಿಸಿದ್ದನ್ನೆಲ್ಲ ಬಿಟ್ಟುಬಿಡು. ಶಾಲೆ ಮುಚ್ಚುತ್ತಿದ್ದೇನೆ. ಇಪ್ಪತ್ತನೇ ತಾರೀಕು ನೆನೆದರೆ ಊಟ ಸೇರುವುದಿಲ್ಲ.

ಧರ್ಮಲಿಂಗಂ

*

23 ಮಾರ್ಚ್ 2024

ಮಾಸ್ಟರ್ ಅವರಿಗೆ,

ಕಲ್ಹಟ್ಟಿ ಘಾಟಿಯಲ್ಲಿ ಲಾರಿ ಅಡ್ಡ ನಿಂತು ಬಸ್ ಬರಲಿಲ್ಲ. ನಿಮ್ಮ ಕಾಗದ ನನಗೆ ಸಿಕ್ಕಿದ್ದು ನಿನ್ನೆ. ಅತ್ತೆಗೆ ಓದಿ ಹೇಳಿದೆ. “ಪಾಪ, ಮಾಂಸ ತೂಗೋನಾ” ಅಂದರು. ಶಾಲೆ ಮುಚ್ಚಬೇಡಿ ಅಂತ ನಾನು ಹೇಳುತ್ತೇನೆ. ಆ ನಾಯಿಗಳಿಗೆ ವಾರಕ್ಕೊಮ್ಮೆ ಮೈದಾನದಲ್ಲಿ ಓಡಲು ಸಿಗುತ್ತಿದೆ. ಬೋರ್ಡಿನಲ್ಲಿ ಶಿಸ್ತು ಅನ್ನುವುದೊಂದನ್ನು ಅಳಿಸಿದರೆ ಸಾಕು.

ಮರೆಸುವ ಪಾಠವನ್ನು ಅತ್ತೆಯೇ ಕಂಡುಹಿಡಿದರು. ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ದಿನಾ ಬೆಳಿಗ್ಗೆ ಅವನ ಜೊತೆ ಹೊರಟರು, ನಾನು ಹಿಂದೆ. ಅವನು ವರ್ಕಿಗೆ ಕೂತರೆ ಇವರೂ ಪಕ್ಕದಲ್ಲಿ ಕೂತರು. ಬೈಯಲಿಲ್ಲ, ಎಬ್ಬಿಸಲಿಲ್ಲ. ಎಲೆ ಅಡಿಕೆ ತೆಗೆದು ನಿಧಾನಕ್ಕೆ ಹಾಕಿಕೊಂಡರು. ಅವನು ಇವರ ಮುಖ ನೋಡಿದ, ನನ್ನ ಮುಖ ನೋಡಿದ, ಆಕಳಿಸಿದ. ಎಂಟು ದಿನಕ್ಕೆ ಬೇಜಾರಾಗಿ ಬಿಟ್ಟುಬಿಟ್ಟ. ಒಂಬತ್ತನೆಯ ದಿನ ಹಳ್ಳದ ತಿರುವಿನಲ್ಲಿ ಕೂತ. ಅತ್ತೆ ಬೆನ್ನು ಮುಟ್ಟಿ ನೋಡಿ, “ಇದು ನಿಜ” ಅಂತ ತಿರುಗಿ ಬಂದರು. ಅರ್ಧ ಗಂಟೆಗೆ ಅಲ್ಲಿಂದ ಮೂರು ಆನೆ ಇಳಿದವು.

ಆದರೆ ಮಾಸ್ಟರ್, ಹಾಗೆ ಮರೆತವನು ಪರೀಕ್ಷೆಯ ದಿನ ನನ್ನ ಮಾತಿಗೆ ಕೂರುತ್ತಾನೆಯೇ?

ಇಪ್ಪತ್ತಕ್ಕೆ ರೇಂಜರ್ ಬಂದರು. ಇಡೀ ವಸತಿ ಬೇಲಿಯ ಬಳಿ ನಿಂತಿತ್ತು. ಹುಲ್ಲಿನಲ್ಲಿ ಹತ್ತು ಹನ್ನೆರಡು ಜಿಂಕೆ. ಹಗ್ಗ ಬಿಚ್ಚಿ ಅಂದರು, ಬಿಚ್ಚಿದೆ. ‘ಕೂರು’ ಅಂದೆ. ಕೆಂಚ ನನ್ನನ್ನು ನೋಡಿದ, ದೊಡ್ಡವರು ಎಲ್ಲೂ ಇಲ್ಲವಲ್ಲ ಅನ್ನುವ ಹಾಗೆ. ಒಂದು ಜಿಂಕೆ ಬಾಲ ಎತ್ತಿತು. ಅಷ್ಟೆ, ಕೆಂಚ ಇಲ್ಲ.  ಹದಿನೈದು ನಿಮಿಷ ಬಿಟ್ಟು ನಾಲಿಗೆ ಇಳಿಬಿಟ್ಟುಕೊಂಡು ಬಂದ, ಎಲ್ಲರಿಗೂ ಬಾಲ ಆಡಿಸಿದ, ರೇಂಜರ್ ಸಾರ್‌ಗೆ ಸ್ವಲ್ಪ ಜಾಸ್ತಿಯೇ ಆಡಿಸಿದ.

ಸಾರ್ ಕೆಟ್ಟವರಲ್ಲ. ಅವರ ಮುಖವೂ ಸಣ್ಣಗಾಯಿತು. “ನಾನ್ ಏನ್ ಮಾಡ್ಲಿ ಅಮ್ಮಾ? ಒಂದು ವಾರದಲ್ಲಿ ಹೊರಗೆ ಕಳಿಸಿ. ಇಲ್ಲಾಂದ್ರೆ ಹಗಲೂ ರಾತ್ರಿ ಗೂಟಕ್ಕೆ ಕಟ್ಟಿರಬೇಕು. ರೂಲ್ ಇರೋದು ಅಷ್ಟೇ” ಅಂದರು. ಜಡಯ ನೆಲ ನೋಡುತ್ತಿದ್ದ. ನಾನು ಅಳುತ್ತಿದ್ದೆ. ಕಟ್ಟಿಹಾಕಿದ ನಾಯಿಯ ಬೆನ್ನು ಹಿಡಿದು ಅತ್ತೆ ಎಲ್ಲಿಗೆ ಹೋಗಬೇಕು?

ಅತ್ತೆ ಕೈ ಚಾಚಿ, “ಹಗ್ಗ ಕೊಡವ್ವ” ಅಂದರು. ಕೊಟ್ಟೆ. ಒಂದು ತುದಿ ಕೆಂಚನ ಕೊರಳಿಗೆ ಕಟ್ಟಿದರು. ಇನ್ನೊಂದು ತುದಿಯನ್ನು ತಮ್ಮ ಸೊಂಟಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿದರು. “ಬರ್ಕೊಳಪ್ಪ, ಕಟ್ಟಾಯ್ತು.”

“ಅಜ್ಜಿ, ಗೂಟ ಅಂದ್ರೆ ಕದಲಬಾರದು” ಅಂದರು ಸಾರ್.

“ನಾನು ಈ ಹಳ್ಳದ ದಡದಲ್ಲೇ ಹುಟ್ದೋಳು. ನನ್ನ ಕಣ್ಣು ಕಾಣ್ತಿದ್ದಾಗಿಂದ ಹದಿನಾಲ್ಕು ಜನ ರೇಂಜರು ಬಂದ್ರು, ಹದಿಮೂರು ಜನ ಹೋದ್ರು. ನೀನೂ ಹೋಯ್ತೀಯೆ. ಕದಲ್ದೆ ಇರೋದು ಇಲ್ಲಿ ಯಾವ್ದೈತೆ, ನೀನೇ ಹೇಳು.”

 ರೇಂಜರ್ ಸಾರ್ ಜಿಂಕೆಗಳ ಕಡೆ ಕೈ ತೋರಿಸಿ, ಇವನು ಎಳೆದುಕೊಂಡು ಓಡಿದರೆ ಅಂತ ಕೇಳಿದರು. “ಓಡುದ್ರೆ ನಾನು ಬೀಳ್ತೀನಿ. ನಾನು ಬಿದ್ದಿದ್ದ ಅವ್ನು ಒಂದ್ ಸಲ ನೋಡವ್ನೆ” ಅಂದು ಅತ್ತೆ ಹುಲ್ಲಿನ ಕಡೆಗೇ ನಡೆದರು. ಜಿಂಕೆಗಳು ತಲೆ ಎತ್ತಿದವು. ಕೆಂಚ ಮೂಗಿನಿಂದ ಬಾಲದವರೆಗೆ ನಡುಗುತ್ತಿದ್ದ, ಅಳುವ ಹಾಗೆ ಕುಂಯ್‌ಗುಡುತ್ತಿದ್ದ. ಒಂದು ಮರಿ ಅವನ ಮುಂದೆಯೇ ಹಾರಿತು. ಹಗ್ಗ ಸಡಿಲವಾಗಿಯೇ ಇತ್ತು, ಮಾಸ್ಟರ್. ಅತ್ತೆ ಅವನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಆ ಹಿಂಡಿನ ಪಕ್ಕದಲ್ಲೇ ಹೋಗಿ ಬಂದರು.

ರೇಂಜರ್ ಸಾರ್ ಪೆನ್ನು ತೆಗೆದರು. ಆಮೇಲೆ ಜೀಪಿನ ಬಾನೆಟ್ ಮೇಲೆ ಫಾರಂ ಇಟ್ಟು ಬರೆದರು, ಜಡಯನಿಗೆ ಒಂದು ಪ್ರತಿ ಕೊಟ್ಟರು. ತಮಿಳಿನಲ್ಲಿತ್ತು, ಚಂದ್ರನ್ ಅಣ್ಣನಿಂದ ಓದಿಸಿದೆ. ‘ನಾಯಿಯನ್ನು ಕಟ್ಟಿರುವ ಗೂಟದ ವಿವರ’ ಅನ್ನುವ ಕಡೆ ಅವರು ಬರೆದಿರುವುದು ಇಷ್ಟು: ಚಿನ್ನಿ, ಗಂಡ ನಂಜ, ವಯಸ್ಸು ಸುಮಾರು ಎಪ್ಪತ್ತು, ಪರಿಶೀಲಿಸಲಾಗಿದೆ, ಕದಲುವುದಿಲ್ಲ.

ಹೊನ್ನಿ